ಅಸಲಿ ಇಟ್ಟು ಹೋಗ್ರಿ

ಅಚೋಲ್ ಹಗಲು ಹೊತ್ತು ಓಣಿಯ ನಳಕ್ಕೆ ಹೋಗುವುದನ್ನು ಬಿಟ್ಟಿದ್ದಳು. ನೀರು ಬಂದಾಗ ಕೊಡ ಹಿಡಿದು ಬಾಗಿಲ ತನಕ ಬರುತ್ತಿದ್ದಳು. ರಸ್ತೆಯ ತುದಿಯಲ್ಲಿ ಮೋಟರ್‌ಸೈಕಲ್ಲಿನ ಸಪ್ಪಳ ಕೇಳಿದರೆ ಕೊಡ ಅಲ್ಲೇ ಇಟ್ಟು ಒಳಗೆ ಸರಿಯುತ್ತಿದ್ದಳು. ಬಂದವನು ಸಿಲಿಂಡರ್ ತಂದವನೇ ಇರಲಿ, ಖಾಕಿ ಅಂಗಿ ಕಂಡರೆ ಸಾಕು, ಒಳಗಿನಿಂದ ಚಿಲಕ ಹಾಕುತ್ತಿದ್ದಳು.

ಬೀದರಿನ ಆ ಓಣಿಯಲ್ಲಿ ಅನುಸೂಯಾಬಾಯಿಯದು ಎರಡು ಖೋಲಿಯ ಮನೆ. ಮೇಲೆ ತಗಡು. ಗೋಡೆಯ ಮೇಲೆ ಬುದ್ಧನದೊಂದು, ಬಾಬಾಸಾಹೇಬರದೊಂದು ಫೋಟೊ. ಅನುಸೂಯಾಬಾಯಿ ಹುಟ್ಟಿದ್ದು ಭಾಲ್ಕಿ ತಾಲೂಕಿನ ಮೆಹಕರದಲ್ಲಿ. ಗಂಡ ತೀರಿದ ಮೇಲೆ ಮಗಳು ಉಜ್ವಲಾಳನ್ನು ಕರೆದುಕೊಂಡು ಶಹರಕ್ಕೆ ಬಂದಳು. ಕೊಳಾರದ ಗೋದಾಮಿನಲ್ಲಿ ತೊಗರಿ ಹಸನು ಮಾಡುವ ಕೆಲಸ ಹಿಡಿದಳು. ದಿನವಿಡೀ ಮೊರ ಹಿಡಿದು ಹೊಟ್ಟು ಹಾರಿಸುವುದು, ಕಲ್ಲು ಆರಿಸುವುದು. ಆ ದೂಳು ಅವಳ ಕೆಮ್ಮಿನಲ್ಲಿ ಮನೆಗೂ ಬರುತ್ತಿತ್ತು.

ಅಚೋಲ್ ದಕ್ಷಿಣ ಸೂಡಾನದವಳು. ಉಜ್ವಲಾಳ ಜತೆ ಇಲ್ಲಿಯೇ ನರ್ಸಿಂಗ್ ಓದಿದವಳು. ಮೊದಲ ವರ್ಷ ಹಾಸ್ಟೆಲಿನಲ್ಲಿದ್ದಳು. ಹಾಸ್ಟೆಲ್ ಮುಚ್ಚಿದಾಗ ಖೋಲಿ ಹುಡುಕಿದಳು. ಯಾರೂ ಕೊಡಲಿಲ್ಲ. ಒಬ್ಬರು ಮನೆಯಲ್ಲಿ ಹಿರಿಯರಿದ್ದಾರೆ ಅಂದರು. ಇನ್ನೊಬ್ಬರು ಬಾಗಿಲನ್ನೇ ತೆಗೆಯಲಿಲ್ಲ. ಅನುಸೂಯಾಬಾಯಿ ಶಹರಕ್ಕೆ ಬಂದಾಗ ಅವಳಿಗೂ ಹೀಗೆಯೇ ಆಗಿತ್ತು. ಬಾಡಿಗೆಯ ಮಾತಿಗೂ ಮೊದಲು ಎಲ್ಲರೂ, ನೀವು ಯಾವ ಪೈಕಿ, ಯಾವ ಜಾತಿ ಅಂತ ಕೇಳಿದ್ದರು. ಹಾಗಾಗಿ ಉಜ್ವಲಾ ಈ ಎತ್ತರದ ಹುಡುಗಿಯನ್ನು ಕರೆತಂದು ನಿಲ್ಲಿಸಿದಾಗ ಅನುಸೂಯಾಬಾಯಿ ಹೆಚ್ಚು ಕೇಳಲಿಲ್ಲ.

"ಜ್ವಾಳದ ರೊಟ್ಟಿ ತಿಂತೀಯೇನವ್ವ?"

"ತಿಂತೀನಿ ಮೌಶಿ."

ಮೌಶಿ, ಅಂದರೆ ಚಿಕ್ಕಮ್ಮ, ಅನ್ನುವುದನ್ನು ಉಜ್ವಲಾ ದಾರಿಯಲ್ಲಿ ಕಲಿಸಿದ್ದಳು. ಉಳಿದ ಮಾತನ್ನು ಆಸ್ಪತ್ರೆಯ ವಾರ್ಡಿನ ಮುದುಕಿಯರು ಕಲಿಸಿದರು. ಅಚೋಲ್ ಅನ್ನುವ ಹೆಸರು ಓಣಿಯವರ ನಾಲಿಗೆಗೆ ಹತ್ತಲಿಲ್ಲ. ಎಲ್ಲರೂ ಅಚಲಾ ಅಂದರು.

ಓದು ಮುಗಿಯಿತು. ಊರಿಗೆ ಹೋಗೋಣವೆಂದರೆ ಊರಿನಲ್ಲಿ ಗುಂಡಿನ ಸದ್ದು. ಇಲ್ಲಿಯೇ ಇರೋಣವೆಂದರೆ ಭಾರತದ ವೀಸಾ ಇದ್ದದ್ದು ಇನ್ನು ಮೂರು ತಿಂಗಳು. ಮುಂದೆ ಓದು, ಹಿಂದೆ ಬರಬೇಡ ಅಂತ ತಾಯಿ ಅಲ್ಲಿಯ ರಾಜಧಾನಿ ಜುಬಾದಿಂದ ಫೋನಿನಲ್ಲಿ ಹೇಳುತ್ತಿದ್ದಳು. ಆಕೆ ಅಲ್ಲಿ ರಸ್ತೆಯ ಬದಿ ಚಹಾ ಮಾರುತ್ತಿದ್ದಳು.

ಮುಂದೆ ಓದುವುದೆಂದರೆ ಎಲ್ಲಿ? ಉಜ್ವಲಾ ಮತ್ತು ಅಚೋಲ್ ಒಂದೇ ಫೋನಿಗೆ ತಲೆ ಕೊಟ್ಟು ಕೂತರು. ಕಡಿಮೆ ಖರ್ಚಿನ ದೇಶ ಬೇಕು. ಅನುಸೂಯಾಬಾಯಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

"ಜರ್ಮನಿದಾಗ ಸರಕಾರಿ ಯೂನಿವರ್ಸಿಟಿಗಿ ಫೀ ಇಲ್ಲದಂಗೇ ಅದ ಅವ್ವ. ಆದ್ರ ಒಂದು ವರ್ಷದ ಖರ್ಚು ಮೊದಲೇ ಬ್ಯಾಂಕಿನಾಗ ಇಟ್ಟು ತೋರಸ್ಬೇಕು."

"ಇಡಲಾಕ ಇದ್ದಿದ್ರ ಬಿಟ್ಟಿ ಸಾಲಿ ಯಾಕ ಹುಡುಕ್ತಿದ್ದಿವಿ? ಅದು ಬಿಡು. ಮುಂದಿಂದು ನೋಡು."

"ಪೋಲೆಂಡದಾಗ ಫೀ ಸಣ್ಣದು. ಆದ್ರ ಅದನ್ನೂ ಕೈಯಿಂದಲೇ ಕೊಡಬೇಕು. ಇಟಲಿದಾಗ ಮನಿ ಆದಾಯ ನೋಡಿ ಫೀ ಹಾಕ್ತಾರಂತ. ಬಡವರಿದ್ರ ಕಡಿಮಿ. ಸ್ಕಾಲರ್‌ಶಿಪ್ಪಿಗೂ ಅರ್ಜಿ ಹಾಕಬಹುದು."

"ಅಂದ್ರ ಅಲ್ಲೂ ತಹಸೀಲಿಗಿ ಹೋಗಿ ಆದಾಯ ಸರ್ಟಿಫಿಕೇಟ್ ತರಬೇಕೇನ?"

"ಹೂಂ. ಆದ್ರ ಅಲ್ಲಿ ತಲಾಟಿ ಚಹಾದ ರೊಕ್ಕ ಕೇಳಂಗಿಲ್ಲ."

ಮೂವರೂ ನಕ್ಕರು. ಆ ಮನೆಯಲ್ಲಿ ಮೂವರೂ ಕೂಡಿ ನಕ್ಕದ್ದು ಅದೇ ಕೊನೆ. ಇಟಲಿ ಅಂತ ನಿಶ್ಚಯವಾಯಿತು. ಅರ್ಜಿಯನ್ನು ಅಚೋಲ್ ತಾನೇ ತುಂಬಿದಳು. ಎರಡು ತಿಂಗಳು ಕಳೆದ ಮೇಲೆ ಸೀಟು ಸಿಕ್ಕಿತು. ಉಳಿದದ್ದು ಇಟಲಿಯ ವೀಸಾದ ಕೆಲಸ. ಅಂಕಪಟ್ಟಿಗೆ ಮೊಹರು, ತರ್ಜುಮೆ, ಮುಂಬೈಯಲ್ಲಿ ಸಂದರ್ಶನದ ತಾರೀಖು. ಅದು ಈ ಹುಡುಗಿಯರಿಗೆ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯ ಮೇಲೆ ಅಜಿಂಕ್ಯ ಅನ್ನುವವನು ಕಚೇರಿ ಇಟ್ಟಿದ್ದ. ಯುರೋಪಿನ ಯಾವುದೇ ದೇಶಕ್ಕೆ ಕಳಿಸುತ್ತೇವೆ ಅಂತ ದೊಡ್ಡ ಬೋರ್ಡು. ಭಾಲ್ಕಿಯಲ್ಲಿ, ಔರಾದಿನಲ್ಲಿ ಅವನ ಶಾಖೆಗಳಿದ್ದವು.

ಅಜಿಂಕ್ಯ ನಯವಾಗಿ ಮಾತಾಡಿದ. ಅನುಸೂಯಾಬಾಯಿಗೆ ಕುರ್ಚಿ ಕೊಟ್ಟ. ಫ್ಯಾನಿನ ಕೆಳಗೆ ಕೂಡಿಸಿದ. ಕೊನೆಗೆ ಅಂದ, "ಅಸಲಿ ಇಟ್ಟು ಹೋಗ್ರಿ. ಪಾಸ್‌ಪೋರ್ಟ್, ಅಂಕಪಟ್ಟಿ, ಎಲ್ಲಾ."

ಅಚೋಲ್ ಹಿಂದೆಮುಂದೆ ನೋಡಿದಳು. ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಝೆರಾಕ್ಸ್ ಕೊಡ್ತೀನಿ ಸರ್" ಅಂದಳು.

ಆಗ ಅವಳ ಕೈಯಿಂದ ಅದನ್ನು ಬಿಡಿಸಿ ಮೇಜಿನ ಮೇಲೆ ಇಟ್ಟವಳು ಅನುಸೂಯಾಬಾಯಿ. ಅವಳಿಗೆ ತಿಳಿದ ಜಗತ್ತು ಹಾಗೆ ನಡೆಯುತ್ತಿತ್ತು. ನರ್ಸಿಂಗ್ ಕಾಲೇಜು ಉಜ್ವಲಾಳ ಅಸಲಿ ಅಂಕಪಟ್ಟಿ ಇಟ್ಟುಕೊಂಡೇ ಸೀಟು ಕೊಟ್ಟಿತ್ತು. ಗೋದಾಮಿನ ಗುತ್ತೇದಾರ ಆಧಾರ್ ಕಾರ್ಡು ಇಟ್ಟುಕೊಂಡೇ ಮೊರ ಕೊಟ್ಟಿದ್ದ. ಅಸಲಿ ಇಸಿದುಕೊಂಡನೆಂದರೆ ಕೆಲಸ ಪಕ್ಕಾ ಅಂತಲೇ ಅವಳ ಲೆಕ್ಕ. ಝೆರಾಕ್ಸ್ ತೆಗೆದುಕೊಂಡವನು ನಾಳೆ ಬಾ ಅನ್ನುತ್ತಾನೆ.

"ಕೊಡವ್ವ ಅಚಲಾ. ಸಾಹೇಬ್ರ ಜಿಮ್ಮೆದಾರಿ ತಗೊಳ್ಲತ್ತಾರ."

ವಾರ ಕಳೆದ ಮೇಲೆ ಅಜಿಂಕ್ಯನ ಮಾತು ಬದಲಾಯಿತು. "ಇಟಲಿ ಯಾಕ್ರಿ? ಭಾಷಾ ಬರಂಗಿಲ್ಲ, ವೀಸಾ ಸಿಗಂಗಿಲ್ಲ. ಸಣ್ಣ ದೇಶ ಒಂದದ. ಅಲ್ಲಿ ಖಾಸಗಿ ಕಾಲೇಜು. ಪರೀಕ್ಷಾ ಇಲ್ಲ, ಏನಿಲ್ಲ. ಇಲ್ಲಿ ಸಹಿ ಮಾಡು."

ಉಜ್ವಲಾ ಆ ಕಾಲೇಜಿನ ಫೀ ಓದಿ ಕಾಗದವನ್ನು ಹಿಂದಕ್ಕೆ ತಳ್ಳಿದಳು. ಅಚೋಲ್ ಬೇಡ ಅಂದಳು. ಪಾಸ್‌ಪೋರ್ಟ್ ವಾಪಸು ಕೊಡಿ ಅಂದಳು. ಅಜಿಂಕ್ಯ ನಗುತ್ತಲೇ, "ಅದು ಇಲ್ಲಿಲ್ಲ, ಭಾಲ್ಕಿ ಆಫೀಸಿಗಿ ಹೋಗ್ಯಾದ" ಅಂದ. ಅವರು ಮೆಟ್ಟಿಲು ಇಳಿಯುವಾಗ ಅನುಸೂಯಾಬಾಯಿಯನ್ನು ಹಿಂದಕ್ಕೆ ಕರೆದ.

"ಬಾಯಿ, ಪರದೇಶದ ಹುಡುಗಿಗಿ ಮನ್ಯಾಗ ಇಟ್ಕೊಂಡೀರಿ. ಆಕಿ ಹತ್ರ ಕಾಗದ ಇಲ್ಲ. ಇಲ್ಲಿ ವೀಸಾ ತಿಂಗಳ ಕೊನಿಗಿ ಮುಗೀತದ. ನಾಳಿ ಪೊಲೀಸರು ಬಂದ್ರ ಕೇಸು ನಿಮ್ಮ ಮ್ಯಾಲ. ಮನಿಗಿ ಬೀಗ. ಮಗಳಿಗಿ ಸರಕಾರಿ ನೌಕರಿ ಅಂತ ಆಸಿ ಇಟ್ಕೊಂಡೀರಿ, ಅಲ್ಲಾ? ನಾ ಒಂದು ಫೋನ್ ಮಾಡಿದ್ರ ಸಾಕು. ಮಾಡಂಗಿಲ್ಲ ನಾ. ಸುಮ್ಕ ಹೇಳ್ಲತ್ತೀನಿ."

ಅಂದಿನಿಂದ ಓಣಿಯಲ್ಲಿ ನಾಯಿ ಬೊಗಳಿದರೂ ಆ ಮನೆಯಲ್ಲಿ ದೀಪ ಆರುತ್ತಿತ್ತು.

ಸೋಮವಾರ ಮುಂಬೈಯಲ್ಲಿ ಇಟಲಿಯ ವೀಸಾದ ತಾರೀಖು. ಗುರುವಾರ ಬೆಳಗ್ಗೆ ಅನುಸೂಯಾಬಾಯಿ ಗೋದಾಮಿಗೆ ಹೋಗಲಿಲ್ಲ. ಉಜ್ವಲಾಗೆ ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ, ರಜೆ ಸಿಗಲಿಲ್ಲ. ಅನುಸೂಯಾಬಾಯಿಯೇ ಅಚೋಲಳನ್ನು ಕರೆದುಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

ಭಾಲ್ಕಿಯ ಕಚೇರಿಯಲ್ಲಿ ಮಂಜಿರಿ ಅನ್ನುವ ಹುಡುಗಿ ಒಬ್ಬಳೇ ಕೂತಿದ್ದಳು. ಅವಳು ಫೋನಿನಲ್ಲಿ ಮಾತಾಡಿದಳು. ಹೂಂ ಸರ್, ಹೂಂ ಸರ್ ಅಂದಳು. ಆಮೇಲೆ ತಲೆ ತಗ್ಗಿಸಿ, "ಔರಾದಿಗಿ ಹೋಗ್ಯಾದಂತ್ರಿ" ಅಂದಳು.

"ಭಾಲ್ಕಿದಾಗೇ ಅದ ಅಂದಿದ್ರಲ್ಲ?" ಅನುಸೂಯಾಬಾಯಿ ಅಂದಳು.

ಮಂಜಿರಿ ಬಾಗಿಲ ಕಡೆ ನೋಡಿದಳು. ದನಿ ಇಳಿಸಿದಳು. "ಮೌಶಿ, ನಾ ಹೇಳ್ದೆ ಅನಬ್ಯಾಡ್ರಿ. ಇಟಲಿಗಿ ಹೋದ್ರ ಸರ್‌ಗೆ ಏನೂ ಸಿಗಂಗಿಲ್ಲ. ಆ ಖಾಸಗಿ ಕಾಲೇಜಿಗಿ ಕಳಿಸಿದ್ರ ಒಬ್ಬೊಬ್ಬರ ಮ್ಯಾಲ ಕಮಿಷನ್ ಬರ್ತದ. ಸಹಿ ಮಾಡೋ ತನಕ ಹಿಂಗೇ ತಿರಗಸ್ತಾರ. ಇವತ್ತು ಸರ್ ಔರಾದಿನಾಗೇ ಅದಾರ. ಹೋಗ್ರಿ."

ಔರಾದಿನ ಬಸ್ಸಿನಲ್ಲಿ ಅಚೋಲ್ ಕಿಟಕಿಯ ಬದಿ ಕೂತಳು. ದುಪಟ್ಟಾದಿಂದ ಮುಖ ಸುತ್ತಿಕೊಂಡಿದ್ದಳು. ಹಿಂದಿನ ಸೀಟಿನ ಪಡ್ಡೆ ಹುಡುಗರು ಏನೋ ಅಂದು ನಕ್ಕರು. ಅನುಸೂಯಾಬಾಯಿ ತಿರುಗಿ ನೋಡಿದಳು. "ನಿಮ್ಮವ್ವಗ ದವಾಖಾನಿದಾಗ ಇದೇ ಕೈ ಸೂಜಿ ಚುಚ್ಚೀತು, ಆವಾಗ ನಗ್ರಿ" ಅಂದಳು. ಅವರು ಫೋನಿಗೆ ತಲೆ ಬಗ್ಗಿಸಿದರು.

ಬಸ್ಸು ಒಮ್ಮೆಲೆ ನಿಂತಿತು. ಚುನಾವಣೆಯ ತಪಾಸಣೆ ನಾಕಾ. ರಸ್ತೆಗೆ ಅಡ್ಡ ಕಬ್ಬಿಣದ ಗೇಟು. ಒಬ್ಬ ಪೊಲೀಸ್ ಬಸ್ಸು ಹತ್ತಿದ. ಮುಂದಿನ ಸೀಟಿನಿಂದ ಒಬ್ಬೊಬ್ಬರ ಚೀಲ ಬಿಚ್ಚಿಸುತ್ತ ಬಂದ.

ಅಚೋಲಳ ಉಗುರು ಅನುಸೂಯಾಬಾಯಿಯ ಮೊಣಕೈಯಲ್ಲಿ ನಾಟಿತು. ಅನುಸೂಯಾಬಾಯಿ ಅಚೋಲಳ ತಲೆಯನ್ನು ಜಗ್ಗಿ ತನ್ನ ತೊಡೆಯ ಮೇಲೆ ಒತ್ತಿದಳು. ಮೇಲೆ ಸೆರಗು ಮುಚ್ಚಿದಳು.

"ಇದ್ಯಾರು?" ಪೊಲೀಸ್ ಕೇಳಿದ.

"ಮಗಳ್ರಿ. ಮುಂಜಾನಿಂದ ವಾಂತಿ. ಈಗ ಮತ್ತ ಬರ್ಲತ್ತದಂತ. ಸ್ವಲ್ಪ ಸರೀರಿ ಸಾಹೇಬ್ರ, ಬೂಟಿನ ಮ್ಯಾಲ ಬಿದ್ದೀತು."

ಪೊಲೀಸ್ ಹಿಂದೆ ಸರಿದ. ಮೂಗು ಮುಚ್ಚಿಕೊಂಡು ಮುಂದಿನ ಚೀಲ ನೋಡಿದ. ಕೆಳಗಿಳಿದ. ಗೇಟು ಎತ್ತಿದರು.

ಬಹಳ ದೂರ ಹೋದ ಮೇಲೆಯೂ ಅಚೋಲ್ ತಲೆ ಎತ್ತಲಿಲ್ಲ. ಎತ್ತಿದಾಗ ಅನುಸೂಯಾಬಾಯಿಯ ಸೀರೆ ತೊಡೆಯ ಬಳಿ ತೊಯ್ದಿತ್ತು.

"ಮೌಶಿ, ನಾ ಏನ್ ಕದ್ದೀನಿ?"

ಅನುಸೂಯಾಬಾಯಿ ಕಿಟಕಿಯ ಕಡೆ ನೋಡಿದಳು. ಹೊರಗೆ ಸೋಯಾ ಕಟಾವು ಆದ ಹೊಲಗಳು ಹಿಂದೆ ಓಡುತ್ತಿದ್ದವು. "ನಿನ್ನ ಪಾಸ್‌ಪೋರ್ಟ್ ಆ ಮೇಜಿನ ಮ್ಯಾಲ ಇಟ್ಟಾಕಿ ನಾನು" ಅಂದಳು.

ಔರಾದಿನ ಕಚೇರಿಯೆಂದರೆ ಒಂದು ಝೆರಾಕ್ಸ್ ಅಂಗಡಿಯ ಹಿಂದಿನ ಖೋಲಿ. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಒಳಗೆ ಅಜಿಂಕ್ಯ ಇದ್ದ. ಅವರನ್ನು ಕಂಡು ಅವನಿಗೆ ಅಚ್ಚರಿಯೇನೂ ಆಗಲಿಲ್ಲ. ಅಂಗಿಯ ಕಿಸೆಯಿಂದ ಪಾಸ್‌ಪೋರ್ಟ್ ತೆಗೆದು ತೋರಿಸಿದ. ಅದರ ಬದಿಗೆ ಖಾಸಗಿ ಕಾಲೇಜಿನ ಅರ್ಜಿ ಇಟ್ಟ. ಮೇಲೊಂದು ಪೆನ್ನು.

"ಇಲ್ಲಿ ಸಹಿ. ಇದನ್ನ ತಗೊಂಡು ಹೋಗು."

"ನನ್ನ ಸೀಟು ಇಟಲಿದಾಗ ಅದ ಸರ್."

"ತಿಂಗಳ ಕೊನಿಗಿ ನೀ ಎಲ್ಲಿರ್ತಿ ಗೊತ್ತದೇನ? ಹೈದರಾಬಾದಿಗಿ ಒಯ್ತಾರ. ಅಲ್ಲಿಂದ ವಿಮಾನ ಹತ್ತಿಸಿ ನಿಮ್ಮೂರಿಗಿ ಕಳಸ್ತಾರ. ಅಲ್ಲಿ ಏನ್ ನಡದದ, ನನಗಿಂತ ನಿನಗೇ ಗೊತ್ತು."

ಅಚೋಲ್ ಪೆನ್ನು ಎತ್ತಿದಳು. ಅದರ ತುದಿಯನ್ನು ಸಹಿಯ ಗೆರೆಯ ಮೇಲೆ ಇಟ್ಟಳು. ಅನುಸೂಯಾಬಾಯಿಗೆ ಅದನ್ನು ನೋಡಲಾಗಲಿಲ್ಲ. ಅವಳು ಅಚೋಲಳ ಕೈಯಿಂದ ಪೆನ್ನು ಕಸಿದುಕೊಂಡಳು. ಪಾಸ್‌ಪೋರ್ಟಿಗೆ ಕೈ ಹಾಕಿದಳು. ಅಜಿಂಕ್ಯ ಅದನ್ನು ಚಕ್ಕನೆ ಎಳೆದು ಕಿಸೆಗೆ ಸೇರಿಸಿದ.

ಅನುಸೂಯಾಬಾಯಿ ಹೊರಗೆ ಬಂದಳು. ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಬೆಂಚಿನ ಮೇಲಿನ ಜನರನ್ನು ನೋಡಿದಳು.

"ನೀವು ಯಾಕ ಕುಂತೀರಿ?"

"ನನ್ನ ಮಗಳು ಪ್ರಣಾಲಿದು ಅಂಕಪಟ್ಟಿ ಇಲ್ಲೇ ಅವ," ಡಾಬಕಾ ಊರಿನ ವಿಶ್ವಾಸ ಅನ್ನುವವನು ಅಂದ. "ವಿದೇಶ ಬ್ಯಾಡ, ವಾಪಸ್ ಕೊಡ್ರಿ ಅಂದ್ರ ಕೊಡ್ಲತ್ತಿಲ್ಲ."

"ನಂದೂ ಇಲ್ಲೇ ಅದ ಖಾಲಾ," ಬುರ್ಖಾ ಹಾಕಿದ ರುಖ್ಸಾರ ಅಂದಳು. "ದೀಪಾವಳಿ ಹಿಂದಿನಿಂದ ಅಲೀಲತ್ತೀನಿ. ನೌಕರಿ ಕಾಲ್ ಬಂದಿತ್ತು. ಅಸಲಿ ಇಲ್ಲ ಅಂತ ಹೋಯ್ತು."

ಬೆಂಚಿನ ಉಳಿದವರೂ ಬಾಯಿ ಬಿಟ್ಟರು. ಎಲ್ಲರದೂ ಅದೇ ಮಾತು. ಇಷ್ಟು ದಿನ ಒಬ್ಬೊಬ್ಬರೂ ತಮ್ಮದೊಂದೇ ತಡವಾಗಿದೆ ಅಂತ ತಿಳಿದು ಒಬ್ಬರ ಬದಿಗೊಬ್ಬರು ಸುಮ್ಮನೆ ಕೂತಿದ್ದರು.

"ಇಲ್ಲಿ ಕುಂತ್ರ ಕೊಡಂಗಿಲ್ಲ," ಅನುಸೂಯಾಬಾಯಿ ಅಂದಳು. "ಒಳಗ ಕುಂಡ್ರೋಣ ಬರ್ರಿ."

ಮೊದಲು ಅವಳೇ ಹೋಗಿ ಅಜಿಂಕ್ಯನ ಬಾಗಿಲಿನ ಹೊಸ್ತಿಲ ಮೇಲೆ ಕೂತಳು. ವಿಶ್ವಾಸ ಟೊಪ್ಪಿಗೆ ತೆಗೆದು ಅವಳ ಬದಿಗೆ ಕೂತ. ರುಖ್ಸಾರ ಒಳಗೆ ಹೋಗಿ ಅಚೋಲಳ ಕೈ ಹಿಡಿದು ನಿಂತಳು. ಉಳಿದವರು ಹಿಂದಿನಿಂದ ತುಂಬಿಕೊಂಡರು. ಖೋಲಿಯಲ್ಲಿ ಗಾಳಿ ಆಡದಂತಾಯಿತು.

"ಏ ಬಾಯಿ, ಏಳು. ಪೊಲೀಸರಿಗಿ ಕರೀತೀನಿ."

ಅನುಸೂಯಾಬಾಯಿಗೆ ತಗಡಿನ ಮನೆ ಕಣ್ಣ ಮುಂದೆ ಬಂತು. ಉಜ್ವಲಾಳ ನೌಕರಿ ಕಣ್ಣ ಮುಂದೆ ಬಂತು. "ಕರೀರಿ" ಅಂದಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. ಮತ್ತೊಮ್ಮೆ ಅಂದಳು. "ಕರೀರಿ."

ಅಜಿಂಕ್ಯ ನಿಜವಾಗಿಯೂ ಕರೆದ. ಜೀಪು ಬಂತು. ಠಾಣೆಯ ಫೌಜದಾರರು ಒಳಗೆ ಕಾಲಿಟ್ಟಾಗ ಹೊಸ್ತಿಲಲ್ಲಿ ಕೂತವರು ಜಾಗ ಬಿಟ್ಟರು, ಏಳಲಿಲ್ಲ. ಅಜಿಂಕ್ಯ ಕುರ್ಚಿ ಮುಂದೆ ಸರಿಸಿದ. "ಈ ಆಫ್ರಿಕಾದಾಕಿದೇ ಗಲಾಟಿ ಸರ್. ಕಾಗದ ಇಲ್ಲ, ಪತ್ರ ಇಲ್ಲ. ಜನರಿಗಿ ಎಬ್ಬಿಸ್ಯಾಳ."

ಫೌಜದಾರರು ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಅಚೋಲಳ ಮುಂದೆ ಹೋಗಿ ಕೈ ಚಾಚಿದರು.

"ಪಾಸ್‌ಪೋರ್ಟ್."

ಅಚೋಲ್ ಮುಖಕ್ಕೆ ಸುತ್ತಿದ ದುಪಟ್ಟಾ ಬಿಚ್ಚಿದಳು.

"ಸಾಹೇಬ್ರ, ನಂದು ಅವರ ಕಿಸೆದಾಗ ಅದ. ಅವರಿಗಿ ಕೇಳ್ರಿ."

ಅವಳ ಬಾಯಿಂದ ಕನ್ನಡ ಬರುತ್ತದೆಂದು ಫೌಜದಾರರು ತಿಳಿದಿರಲಿಲ್ಲ. "ನಾ ನಿನಗ ಕೇಳ್ಲತ್ತೀನಿ" ಅಂದರು.

"ನನ್ನ ಹತ್ರ ಇಲ್ರಿ. ಅವರಿಗಿ ಕೇಳ್ರಿ."

"ನನ್ನ ಮಗಳದೂ ಅವರಿಗೇ ಕೇಳ್ರಿ," ಹೊಸ್ತಿಲಿನಿಂದ ವಿಶ್ವಾಸ ಅಂದ.

"ನಂದೂ," ರುಖ್ಸಾರ ಅಂದಳು.

ಹಿಂದಿನಿಂದ ಇನ್ನೊಂದು ದನಿ ಬಂತು. ಮತ್ತೊಂದು ಬಂತು. ಅಜಿಂಕ್ಯನ ಅಂಗೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗಿ ಕಿಸೆಯನ್ನು ಮುಚ್ಚಿಕೊಂಡಿತು. ಖೋಲಿಯೊಳಗಿನ ಎಲ್ಲರೂ ಆ ಕೈಯನ್ನೇ ನೋಡಿದರು. ಫೌಜದಾರರೂ ನೋಡಿದರು. ಆದರೆ ಅವರು ಚಾಚಿದ ಕೈ ಇನ್ನೂ ಅಚೋಲಳ ಕಡೆಗೇ ಇತ್ತು. ಅವಳು ಅದರ ಎದುರು ನಿಂತೇ ಇದ್ದಳು. ಹಿಂದೆ ಸರಿಯಲಿಲ್ಲ.