ಉಜ್ಜಿ ತೆಗೆದ ಗುರಿಮಣಿ

ಪ್ರೆಸ್ಲಿ ವಾರ್ನಕ್ ನಮ್ಮ ಅಂಗಡಿಗೆ ಬಂದದ್ದು ಫೆಬ್ರವರಿಯ ಒಂದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಯಜಮಾನ ಟೋಬಿಯಾಸ್ ಕ್ರೌಸ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಸಾಸೇಜು ತಿನ್ನುತ್ತಿದ್ದರು. ನಾನು ಅರ ಹಿಡಿದು, ಅಭ್ಯಾಸದಂತೆ ಒಂದು ಕೀರ್ತನೆ ಗುನುಗುತ್ತಿದ್ದೆ. ಫಿಲಡೆಲ್ಫಿಯಾದಲ್ಲಿ ಆಗ ಜೇಬಿನ ಪಿಸ್ತೂಲು ಮಾಡುವವರು ಬೀದಿಗೊಬ್ಬರಿದ್ದರು. ಅಂಗೈಯಲ್ಲಿ ಅಡಗುವ, ಒಂದೇ ಗುಂಡಿನ ಆ ಪುಟ್ಟ ಆಯುಧವನ್ನು ಬೆಣ್ಣೆಯಂತೆ ನಯ ಮಾಡುವುದರಲ್ಲಿ ನನ್ನ ಕೈಗೆ ಸ್ವಲ್ಪ ಹೆಸರಿತ್ತು.

ಬಾಗಿಲ ಗಂಟೆ ಕೇಳಿ ನಾನು ಗುನುಗು ನಿಲ್ಲಿಸಿದೆ. ಮುಂದಿನ ಸಾಲನ್ನು ಒಳಗೆ ಬಂದವನು ಹಾಡಿದ.

ನನ್ನಂಥವನಿಗೆ ನಂಬಲು ಅಷ್ಟು ಸಾಕಿತ್ತು. ನಮ್ಮ ಕ್ರೈಸ್ತ ಸಭೆಯಲ್ಲಿ ಹಾಡಿಗೆ ವಾದ್ಯವಿಲ್ಲ, ಎಲ್ಲರ ಕೈಗೂ ಪುಸ್ತಕವಿಲ್ಲ. ಮುಂದೆ ನಿಂತವನು ಒಂದು ಸಾಲು ಹೇಳಿಕೊಡುತ್ತಾನೆ, ನಾವೆಲ್ಲ ಅದನ್ನು ಎತ್ತಿಕೊಂಡು ಹಾಡುತ್ತೇವೆ. ಓದು ಕಲಿಯುವ ಮುಂಚೆಯೇ ನನಗೆ ನೂರೈವತ್ತು ಕೀರ್ತನೆಗಳೂ ಬಾಯಿಗೆ ಬಂದಿದ್ದವು. ಕೊಟ್ಟ ಸಾಲನ್ನು ಕೇಳಿಸಿಕೊಂಡು ತಿರುಗಿ ಹೇಳುವುದು ನನಗೆ ಉಸಿರಾಟದಷ್ಟೇ ಸಹಜ. ಅದು ಎತ್ತ ಹೋಗುತ್ತದೆ ಎಂದು ನಡುವೆ ಬಾಯಿ ಹಾಕಿ ಕೇಳಿದವನಲ್ಲ.

"ನೀವೂ ನಮ್ಮವರೇನೋ," ಎಂದೆ.

"ನಮ್ಮ ತಾಯಿ ಕಡೆಯವರು," ಎಂದು ವಾರ್ನಕ್ ನಕ್ಕ. ಜೇಬಿನಿಂದ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ. ನಾವೇ ಮಾಡಿದ್ದು. "ಬೆರಳಿಂದ ಎಳೆಯೋ ಕುದುರೆ ಸ್ವಲ್ಪ ಬಿಗಿ ಅನ್ಸುತ್ತೆ. ಗುರಿನೂ ಒಂಚೂರು ನೋಡಿಕೊಡಿ."

ಗುರಿ ಸರಿಪಡಿಸುವ ಮುಂಚೆ ಬಂದೂಕಿನವರು ಕೇಳಲೇಬೇಕಾದ ಮಾತೊಂದಿದೆ. ಅದನ್ನೇ ಕೇಳಿದೆ: "ಎಷ್ಟು ದೂರಕ್ಕೆ?"

ಅವನು ಅಂಗಡಿಯನ್ನೆಲ್ಲ ಒಮ್ಮೆ ನೋಡಿ ಕ್ರೌಸ್ ಅವರ ಕುರ್ಚಿಯತ್ತ ಬೆರಳು ಮಾಡಿದ. "ಇಲ್ಲಿಂದ ಅಲ್ಲಿಗೆ. ಅಷ್ಟೂ ಇಲ್ಲ."

"ನನ್ನ ತಲೆ ಯಾಕ್ರೀ ತೋರಿಸ್ತೀರಿ?" ಎಂದರು ಕ್ರೌಸ್, ಬಾಯಿ ತುಂಬ ಸಾಸೇಜು. "ಅಲ್ಲಿ ಒಂದು ಕೂದಲೂ ಇಲ್ಲ. ಗುಂಡು ಜಾರಿ ಪಕ್ಕದ ಬೇಕರಿಗೆ ಹೋದೀತು."

ಮೂವರೂ ನಕ್ಕೆವು. ನಾನು ಪಿಸ್ತೂಲನ್ನು ಬೆಳಕಿಗೆ ಹಿಡಿದೆ. ನಳಿಗೆಯ ತುದಿಯಲ್ಲಿ ಜೋಳದ ಕಾಳಿಗಿಂತ ಚಿಕ್ಕ ಹಿತ್ತಾಳೆಯ ಗುರಿಮಣಿ.

"ಅಷ್ಟು ಹತ್ತಿರಕ್ಕೆ ಇದ್ಯಾಕೆ ಸ್ವಾಮಿ? ಜೇಬಿಂದ ತೆಗೆಯೋವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ಉಜ್ಜಿ ತೆಗೆದುಬಿಡ್ಲಾ?"

"ಹೌದಲ್ವಾ," ಎಂದ ವಾರ್ನಕ್ ಮೆಲ್ಲಗೆ. "ಹೊರಳಿ ನೋಡೋದ್ರೊಳಗೆ ಕೈ ಆಚೆ ಬಂದಿರಬೇಕು. ತೆಗೀರಿ."

ಹೊರಳಿ ನೋಡುವುದು ಯಾರು? ನನ್ನ ಕಿವಿ ಆ ಮಾತನ್ನು ಕೇಳಿತು. ಕೈ ಆಗಲೇ ಅರವನ್ನು ಎತ್ತಿಕೊಂಡಿತ್ತು. ಅರ್ಧ ಗಂಟೆಯಲ್ಲಿ ಮಣಿ ಹೋಯಿತು. ಅದಿದ್ದ ಜಾಗ ಬೆರಳಿಗೂ ತಿಳಿಯದಂತೆ ನುಣುಪಾಯಿತು. ಕುದುರೆಯನ್ನೂ ಹಗುರ ಮಾಡಿಕೊಟ್ಟೆ. ಅಷ್ಟು ಹೊತ್ತೂ ಅವನು ಸಾಲು ಕೊಟ್ಟ, ನಾನು ಹಾಡಿದೆ.

ಮೂರು ವಾರದ ಮೇಲೆ ಹ್ಯಾರಿಸ್‌ಬರ್ಗಿನ ಒಂದು ಹೋಟೆಲಿನಲ್ಲಿ ಸೆನೆಟರ್ ಲೆಮ್ಯುಯೆಲ್ ಹ್ಯಾಡೆನ್ ಚಿಪ್ಪುಮೀನಿನ ಸಾರು ಕುಡಿಯುತ್ತ ಕುಳಿತಿದ್ದರು. ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದುಕೊಡಲಾರೆವು ಎಂದು ಶಾಸನಸಭೆಯಲ್ಲಿ ಎದ್ದು ಹೇಳಿದವರು ಅವರು, ನಮ್ಮ ಸಭೆಯವರೇ. ವಾರ್ನಕ್ ಹಿಂದಿನಿಂದ ಬಂದ. ಹ್ಯಾಡೆನ್ ಹೊರಳಿ ನೋಡಲಿಲ್ಲ.

ಕೊಲೆಯ ವಿಚಾರಣೆಯಲ್ಲಿ ವಾರ್ನಕ್‌ನ ವಕೀಲರು ಒಂದೇ ಮಾತು ಹಿಡಿದರು: ನನ್ನ ಕಕ್ಷಿದಾರ ಕರವಸ್ತ್ರ ತೆಗೆಯಲು ಜೇಬಿಗೆ ಕೈ ಹಾಕಿದ, ಪಿಸ್ತೂಲು ಅದರ ಜೊತೆ ಬಂದು ತಾನಾಗಿ ಹಾರಿತು. ಪಿಸ್ತೂಲಿನ ಮೇಲೆ ನಮ್ಮ ಅಂಗಡಿಯ ಮುದ್ರೆಯಿತ್ತು. ಅದರ ಬೀಗವನ್ನು, ಅಂದರೆ ಗುಂಡು ಹಾರಿಸುವ ಯಂತ್ರಭಾಗವನ್ನು, ಪರೀಕ್ಷಿಸಿ ಹೇಳಲು ನನ್ನನ್ನು ಕರೆಸಿದರು.

ಹೊರಡುವಾಗ ಕ್ರೌಸ್ ನನ್ನ ಕೋಟಿನ ಗುಂಡಿ ಹಿಡಿದುಕೊಂಡರು. "ಎಬೆನೆಜರ್, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ನೀನು ಪಾದ್ರಿ ಅಲ್ಲ, ಬೀಗದ ಕೆಲಸದವನು."

"ಅವನು ಇಲ್ಲಿಗೆ ಬಂದಿದ್ದು ನಿಮಗೂ ಗೊತ್ತಲ್ಲ, ಯಜಮಾನ್ರೆ."

"ನನಗೆ ಗೊತ್ತಿರೋದು ಸಾಸೇಜಿಗೆ ಉಪ್ಪು ಜಾಸ್ತಿಯಾಗಿತ್ತು ಅನ್ನೋದೊಂದೇ. ಹನ್ನೊಂದು ಜನ ಕೆಲಸಗಾರರು ಇಲ್ಲಿ ಉಣ್ತಾರೆ. ಅದನ್ನೂ ನಿನ್ನ ಕೀರ್ತನೆಗೆ ಸೇರಿಸ್ಕೊ."

ನಮ್ಮವರು ನ್ಯಾಯಾಲಯದಲ್ಲಿ ಬೈಬಲಿಗೆ ಮುತ್ತಿಡುವುದಿಲ್ಲ; ಬಲಗೈ ಎತ್ತಿ ದೇವರೆದುರು ಮಾತು ಕೊಡುತ್ತೇವೆ. ಪೂರ್ಣ ಸತ್ಯವನ್ನೇ ಹೇಳುತ್ತೇನೆ ಎಂದು ಕೈ ಎತ್ತಿದೆ. ವಾರ್ನಕ್ ನನ್ನನ್ನೇ ನೋಡುತ್ತಿದ್ದ. ಬೀಗ ಗಟ್ಟಿಯಾಗಿದೆಯೇ ಎಂದರು, ಇದೆ ಎಂದೆ. ಕುದುರೆ ಬಹಳ ಹಗುರವೇ ಎಂದರು, ಹೌದು ಎಂದೆ. ಕೈ ತಾಗಿದರೆ ಹಾರಬಹುದೇ? ಹಾರಬಹುದು. ಅದನ್ನು ಹಗುರ ಮಾಡಿದ್ದು ಯಾರು, ಯಾವಾಗ, ಏನು ಹೇಳಿ ಮಾಡಿಸಿದರು ಎಂದು ಯಾರೂ ಕೇಳಲಿಲ್ಲ. ಗುರಿಮಣಿ ಇಲ್ಲದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟು ಚೊಕ್ಕವಾಗಿತ್ತು ನನ್ನ ಕೆಲಸ. ಎತ್ತಿದ ಕೈಯನ್ನು ಇಳಿಸಿಕೊಂಡು ನಾನು ಮನೆಗೆ ಬಂದೆ. ವಾರ್ನಕ್‌ಗೆ ನೇಣು ತಪ್ಪಿತು. ಅಜಾಗರೂಕತೆಗೆಂದು ಎರಡು ವರ್ಷ ಜೈಲು ಕೊಟ್ಟರು.

ಅಲ್ಲಿಗೇ ಮುಗಿದಿದ್ದರೆ ನಾನು ಹೇಗೋ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಹ್ಯಾಡೆನ್ ಅವರ ಹೆಂಡತಿ ಥಿಯೊಡೋಷಿಯಾ ಅವನನ್ನು ಕ್ಷಮಿಸಿಬಿಟ್ಟರು. ಪಾಪ, ಬೇಕೆಂದು ಮಾಡಿದವನಲ್ಲ ಎಂದು ಪ್ರತಿ ಗುರುವಾರ ಜೈಲಿಗೆ ರೊಟ್ಟಿ ಸುಟ್ಟು ಒಯ್ಯತೊಡಗಿದರು. ಸಭೆಯಲ್ಲಿ ಹೆಂಗಸರು ಅವರನ್ನು ಹೊಗಳಿದರು. ಒಂದು ಭಾನುವಾರ ಮೆಟ್ಟಿಲ ಬಳಿ ಅವರು ನನ್ನ ಕೈ ಹಿಡಿದುಕೊಂಡು, "ನಿನ್ನ ಮಾತಿಂದ ನನಗೆ ನಿದ್ದೆ ಬರೋ ಹಾಗಾಯ್ತಪ್ಪ," ಎಂದರು. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಅಂದಿನಿಂದ ಕೀರ್ತನೆ ಹಾಡುವಾಗ ಬಾಯಿ ಮಾತ್ರ ಆಡಿಸುತ್ತಿದ್ದೆ.

ವರ್ಷಕ್ಕೆರಡು ಸಲ ನಮ್ಮಲ್ಲಿ ಪ್ರಭುವಿನ ಭೋಜನ; ಯೇಸುವಿನ ನೆನಪಿಗೆ ಒಂದೇ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುತ್ತೇವೆ. ಹಿಂದಿನ ದಿನ ಸಭೆಯ ಹಿರಿಯರು ಒಬ್ಬೊಬ್ಬರನ್ನೇ ಕರೆದು, ಮನಸ್ಸು ಶುದ್ಧವಾಗಿದೆಯೇ ಎಂದು ವಿಚಾರಿಸಿ, ಸೀಸದ ಒಂದು ಬಿಲ್ಲೆ ಕೊಡುತ್ತಾರೆ. ಅದಿಲ್ಲದವನು ನಾಳೆ ಮೇಜಿಗೆ ಬರುವಂತಿಲ್ಲ. ಆ ಶನಿವಾರ ಬಿಲ್ಲೆ ಕೊಡುತ್ತಿದ್ದವರು ಗಿಲ್ಬರ್ಟ್ ಹ್ಯಾಡೆನ್, ಸತ್ತವರ ಅಣ್ಣ.

"ಬಾರೋ ಎಬೆನೆಜರ್," ಎಂದರು. "ನಿನ್ನ ಏನಂತ ವಿಚಾರಿಸೋದು? ಬೆಕ್ಕಿಗೂ ಬೈಯೋನಲ್ಲ ನೀನು. ತಗೊ."

ನಾನು ಕೈ ಚಾಚಲಿಲ್ಲ. "ವಿಚಾರಿಸಿ, ಹಿರಿಯರೆ."

"ಹಿಂದೆ ಇಪ್ಪತ್ತು ಜನ ನಿಂತಿದ್ದಾರೆ ಕಣಯ್ಯ."

"ಕೇಳಿದ್ರೆ ಮಾತ್ರ ಹೇಳೋ ಚಾಳಿ ನಂದು. ದಯವಿಟ್ಟು ಕೇಳಿ."

ಅವರು ನನ್ನ ಮುಖ ನೋಡಿದರು, ಬಾಗಿಲು ಮುಚ್ಚಿದರು. ನಾನು ಫೆಬ್ರವರಿಯ ಆ ಮಂಗಳವಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಕುರ್ಚಿಯತ್ತ ಹೋದ ಬೆರಳು, ಕ್ರೌಸ್ ಅವರ ತಮಾಷೆ, ಮಣಿ ತೆಗೆಯಲೇ ಎಂದು ನಾನಾಗಿ ಕೇಳಿದ್ದು, ಅವನ ಉತ್ತರ. ಮುದುಕರು ಬಿಲ್ಲೆಗಳ ಚೀಲದ ಬಾಯಿ ಬಿಗಿದು ಕಟ್ಟಿದರು.

"ನೀನು ಕೋರ್ಟಲ್ಲಿ ಇದನ್ನ ಹೇಳಿದ್ರೆ?"

"ಅವನನ್ನ ನೇಣಿಗೆ ಹಾಕೋರು. ನನ್ನ ಮುಖಕ್ಕೆ ನೀವೆಲ್ಲ ಉಗಿಯೋರು. ನಾನು ಹೆದರಿದ್ದು ಎರಡನೇದಕ್ಕೆ, ಹಿರಿಯರೆ. ಮೊದಲನೇದಕ್ಕೆ ಅಂತ ನನಗೆ ನಾನೇ ಹೇಳ್ಕೊಂಡೆ."

"ಕೊಲೆ ಅಲ್ಲ ಅಂತ ಒಂದು ಸಲ ತೀರ್ಪಾದವನನ್ನ ಕೋರ್ಟು ಇನ್ನೊಂದು ಸಲ ಅದಕ್ಕೇ ವಿಚಾರಿಸಲ್ಲ. ಗೊತ್ತಲ್ಲ ನಿನಗೆ?"

"ಗೊತ್ತು."

"ಹಾಗಿದ್ರೆ ಯಾರಿಗೋಸ್ಕರ ಹೇಳ್ತಿದೀಯ ಈಗ? ನಿನ್ನ ಎದೆ ಹಗುರಾಗ್ಲಿ ಅಂತಲಾ?"

ಅವರು ಎದ್ದು, ಚೀಲವನ್ನು ಇನ್ನೊಬ್ಬ ಹಿರಿಯರ ಕೈಗೆ ಕೊಟ್ಟು, ಟೋಪಿ ತೆಗೆದುಕೊಂಡರು.

"ನಡಿ. ಥಿಯೊಡೋಷಿಯಾ ಮನೇಲಿರ್ತಾಳೆ."

"ಅವರು ನೆಮ್ಮದಿಯಾಗಿದ್ದಾರೆ, ಹಿರಿಯರೆ. ಅದನ್ನೂ ನಾನೇ ಕಿತ್ಕೊಳ್ಳಲಾ?"

"ಅದನ್ನ ಕೊಟ್ಟೋನು ನೀನೇ ತಾನೆ? ಸುಳ್ಳಿನದ್ದು ಅಂತ ನೀನೇ ಹೇಳ್ಬೇಕು. ನನ್ನ ಬಾಯಲ್ಲಿ ಹೇಳಿಸ್ಬೇಡ."

ಸಾಲಿನಲ್ಲಿ ನಿಂತವರ ನಡುವೆ ನಾವಿಬ್ಬರೂ ಹೊರಗೆ ಬಂದೆವು. ನನ್ನ ಕೈ ಖಾಲಿಯಿರುವುದನ್ನು ಎಲ್ಲರೂ ನೋಡಿದರು. ಯಾರೂ ಏನೂ ಕೇಳಲಿಲ್ಲ. ದಾರಿಯಲ್ಲಿ ಅವರು ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು. ಥಿಯೊಡೋಷಿಯಾ ಅವರ ಮನೆ ಮುಂದೆ ಬಂದಾಗ ಪಕ್ಕಕ್ಕೆ ಸರಿದು ನಿಂತರು, ತಾವು ಬಾಗಿಲು ತಟ್ಟಲಿಲ್ಲ. ಒಳಗಿನಿಂದ ಥಿಯೊಡೋಷಿಯಾ ಅವರ ಮಾತು ಕೇಳುತ್ತಿತ್ತು, ಯಾರೊಂದಿಗೋ ನಗುತ್ತಿದ್ದರು. ಆ ನಗು ನಿಲ್ಲಲಿ ಎಂದು ಕಾದೆ. ನಿಲ್ಲಲಿಲ್ಲ. ನಾನು ತಟ್ಟಿದೆ.