ಮಾಸು ಇನ್ನೂ ಬಿದ್ದಿಲ್ಲ

ನಾಲ್ಕು ಕಿಲೋ ಮುನ್ನೂರು, ತಕ್ಕಡಿಯ ಕೆಂಪು ಅಂಕಿ ಹೆರಿಗೆ ಮಂಚದಿಂದಲೇ ಕಾಣುತ್ತಿದೆ, ಸ್ತಾಮೆನಾಳ ಮಗ, ಆರು ವರ್ಷ ನೀಶ್ ಪಟ್ಟಣದ ಆಸ್ಪತ್ರೆಯೊಂದರ ದ್ರವ ಸಾರಜನಕದ ಕೊಳಗದಲ್ಲಿ ಹೆಪ್ಪುಗಟ್ಟಿ ಕೂತಿದ್ದ ಭ್ರೂಣ, ಈಗ ಗಂಟಲು ಹರಿಯುವ ಹಾಗೆ ಅರಚುತ್ತಿದೆ, ಫ್ರಿಜ್ಜಲ್ಲಿಟ್ಟ ಮಾಂಸಕ್ಕೇ ರುಚಿ ಇರಲ್ಲ ಕಣೇ, ಇನ್ನು ಮಗು ಗಟ್ಟಿಯಾಗಿರುತ್ತಾ, ಅಂದಿದ್ದರು ಅತ್ತೆ ದೆಸಾಂಕಾ, ಈಗ ಬಂದು ಎತ್ತಿ ನೋಡಲಿ, ಸೊಂಟ ಉಳುಕುತ್ತದೆ — ಕೆಳಗೆ ಆಸ್ಪತ್ರೆಯ ಅಂಗಳದಲ್ಲೇ ನಿಂತಿದ್ದಾರೆ, ಕೂಗು ಕೇಳುತ್ತಿದೆ, ಹೇಗಿದ್ದಾನೆ, ಕುರೂಪಿ ತಾನೇ? ಕುರೂಪಿ ಅನ್ನಬೇಕು, ಚೆಂದ ಅಂದರೆ ದೃಷ್ಟಿ ತಾಗುತ್ತದೆ, ಸ್ತಾಮೆನಾಳನ್ನೂ ಅವಳಮ್ಮ ಹತ್ತು ವರ್ಷ ಹಾಗೇ ಕರೆದಳು, ಕುರೂಪಿ ಅಜ್ಜೀ, ಮಹಾ ಕುರೂಪಿ, ಎಂದು ಸೂಲಗಿತ್ತಿ ಮಿಲುಂಕಾ ಕಿಟಕಿಯಿಂದ ಕೂಗಿ ನಕ್ಕಳು, ನಕ್ಕವಳು ಗಡಿಯಾರ ನೋಡಿ ಮಂಚದ ಬಳಿ ಬಂದಳು. ಇಪ್ಪತ್ತೈದು ನಿಮಿಷ, ಮಾಸು ಇನ್ನೂ ಬಿದ್ದಿಲ್ಲ. ಡಾಕ್ಟರು ಬಸಿರಲ್ಲೇ ಹೇಳಿದ್ದರು, ಹೆಪ್ಪುಗಟ್ಟಿಸಿದ ಭ್ರೂಣವಾದರೆ ಮಗು ದಪ್ಪ ಆಗಬಹುದು, ರಕ್ತದೊತ್ತಡ ಏರಬಹುದು, ಮಾಸು ಕೆಲವೊಮ್ಮೆ ಗರ್ಭಕೋಶದ ಗೋಡೆಗೆ ಆಳವಾಗಿ ಕಚ್ಚಿಕೊಳ್ಳುತ್ತೆ, ಎಲ್ಲರಿಗೂ ಆಗಲ್ಲ, ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲಮ್ಮ; ಈಗ ಅವರೇ ಕಾಲ ಬಳಿ ನಿಂತು, ಇನ್ನೈದು ನಿಮಿಷ ನೋಡೋಣ, ಆಮೇಲೆ ಕೈಹಾಕಿ ತೆಗೀಬೇಕು, ರಕ್ತ ನಿಲ್ಲದಿದ್ರೆ ಗರ್ಭಕೋಶಾನೇ — ಬೇಡ, ಅದೊಂದು ಬೇಡ, ಕೊಳಗದಲ್ಲಿ ಇನ್ನೊಂದು ಕೂತಿದೆ, ಇವನ ಜೊತೆಗೇ ಹೆಪ್ಪುಗಟ್ಟಿದ್ದು, ನಲವತ್ತೊಂದು ವರ್ಷದ ಈ ಒಡಲೇ ಹೋದರೆ ಅದಕ್ಕೆ ಮನೆಯೆಲ್ಲಿ, ಹೆದರಿಕೆಯೇನೋ ಇದೆ, ಆದರೂ ಒಳಗೊಳಗೇ ಹೆಮ್ಮೆ, ನಾಚಿಕೆಯಿಲ್ಲದ ಹೆಮ್ಮೆ, ಮಾಸು ಕಟ್ಟುವುದು ತಾಯಿಯಲ್ಲವಂತೆ, ಹೆಚ್ಚುಕಡಿಮೆ ಭ್ರೂಣವೇ ಕಟ್ಟಿಕೊಳ್ಳುವುದಂತೆ, ಕೈಕಾಲು ಮೂಡುವ ಮೊದಲೇ, ಆ ಕಡುಚಳಿಯಿಂದ ಎದ್ದು ಬಂದವನು ಬಿಟ್ಟರೆ ಕೆಟ್ಟೆ ಅನ್ನುವ ಹಾಗೆ ಹಿಡಿದುಕೊಂಡಿದ್ದಾನೆ, ಹಟಮಾರಿ, ಥೇಟು ಅಮ್ಮನ ಮಗ.

ನೋವು ಎದ್ದಿತು, ಮುಕ್ಕಮ್ಮಾ, ಇನ್ನೊಂದ್ಸಲ ಮುಕ್ಕು, ಬಿಸಿಯಾದದ್ದೇನೋ ಜಾರಿತು, ಮಾಸು, ತಟ್ಟೆಯಲ್ಲಿ ಕೆಂಗಪ್ಪಾಗಿ ರೊಟ್ಟಿಯಷ್ಟು ಅಗಲ, ಮಿಲುಂಕಾ ಅದನ್ನು ಮಗುಚಿ ಹರಡಿದಳು, ಚೂರೇನಾದರೂ ಒಳಗೇ ಉಳಿಯಿತೇ ಎಂದು ಒಂದೊಂದು ದಳದ ಅಂಚಿಗೂ ಬೆರಳಿಟ್ಟು ಹೋಗುತ್ತಾಳೆ, ಬೆರಳು ಒಂದು ಕಡೆ ನಿಂತಿತು, ಮತ್ತೆ ಮುಂದೆ ಹೋಯಿತು, ಕೆಳಗೆ ದೆಸಾಂಕಾ ಏನೋ ಕೂಗುತ್ತಿದ್ದಾರೆ, ಮಗು ಅರಚುತ್ತಿದೆ, ಬೆರಳು, ಬೆರಳು ಸುತ್ತು ಮುಗಿಸಿತು, ಪೂರ್ತಿ ಇದೆ ಡಾಕ್ಟ್ರೇ, ಒಂದು ಚೂರೂ ಬಿಟ್ಟಿಲ್ಲ, ಸರಿ, ರಕ್ತಾನೂ ನಿಲ್ತಾ ಇದೆ, ಅಂದರು ಡಾಕ್ಟರು, ಎಷ್ಟು ಚೆಂದ ಇದೆ, ಅಂದುಬಿಟ್ಟಳು ಸ್ತಾಮೆನಾ, ಮಗನಿಗೆ ಹೇಳಬಾರದ ಮಾತನ್ನೆಲ್ಲ ಆ ಮಾಸಿಗೆ, ಚೆಂದ, ಎಷ್ಟು ಚೆಂದ, ಆಮೇಲೆ ಯೋಚನೆಯೇ ಮುಂದಕ್ಕೆ ಓಡಲಿಲ್ಲ, ಕಣ್ಣಲ್ಲಿ ತಟ್ಟೆಯ ಮೇಲಿನ ಆ ಬೆರಳೇ, ಅಂಚಿನಿಂದ ಅಂಚಿಗೆ, ಎಲ್ಲೂ ತಡೆಯದೆ.