ಕಾರಿನಿಂದ ಸೀರೆಗೆ ಇಳಿದ ಲೇತು

ನಾನು ಒಂದು ಲೇತು. ಕಬ್ಬಿಣವನ್ನು ಗರಗರ ತಿರುಗಿಸಿ, ತುರಿದು, ಬೇಕಾದ ಆಕಾರಕ್ಕೆ ತರುವ ಯಂತ್ರ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನನ್ನ ಮೈ ಮೂಡಿತು. ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಸಣ್ಣ ಶೆಡ್ಡು ಹಾಕಿದ್ದ ಶಿವಪುತ್ರಪ್ಪ ನನ್ನನ್ನು ಕೊಂಡು ತಂದು, ಕುಂಕುಮ ಹಚ್ಚಿ, ಕಾಯಿ ಒಡೆದು ಕೆಲಸಕ್ಕೆ ಹಚ್ಚಿದರು.

ನಮಗಿದ್ದದ್ದು ಒಂದೇ ಗಿರಾಕಿ, ಒಂದು ಕಾರು ಕಂಪನಿ. ಅದರ ಇಂಜಿನ್ನಿನ ಪಿನ್ನುಗಳನ್ನು ವರ್ಷಗಟ್ಟಲೆ ಮಾಡಿದೆ. ನನ್ನನ್ನು ನಡೆಸುತ್ತಿದ್ದ ಯಲ್ಲಪ್ಪನಿಗೆ ಹೊಳಪಿನ ಹುಚ್ಚು. ಮುಖ ಕಾಣುವಷ್ಟು ನುಣುಪಾಗದೆ ಯಾವ ಪಿನ್ನನ್ನೂ ಅವನು ಕೆಳಗಿಳಿಸುತ್ತಿರಲಿಲ್ಲ. ನನಗೂ ಜಂಬ ಕಡಿಮೆಯಿರಲಿಲ್ಲ. ಎತ್ತಿನ ಗಾಡಿಯ ಅಚ್ಚು ತಿರುಗಿಸುವ ಲೇತುಗಳನ್ನು ನಾನು ನೆಂಟರೆಂದು ಒಪ್ಪಿದವನೇ ಅಲ್ಲ.

ಶಿವಪುತ್ರಪ್ಪ ತೀರಿಕೊಂಡ ವರ್ಷವೇ ಕಂಪನಿಯವರು ಆ ಕಾರು ಮಾಡುವುದನ್ನು ನಿಲ್ಲಿಸಿದರು. ಶಿವಪುತ್ರಪ್ಪನವರ ಹೆಂಡತಿ ಮಹಾನಂದಾ ದಿನಾ ಶೆಡ್ಡಿನ ಬಾಗಿಲು ತೆರೆದು ಗಿರಾಕಿಗಾಗಿ ಕಾಯುತ್ತಿದ್ದರು. ಗುಜರಿಯವನು ಬಂದು ನನ್ನ ಮೈ ತಟ್ಟಿ ತೂಕ ಅಂದಾಜು ಮಾಡಿದ. ಈ ತಿಂಗಳು ಕೆಲಸ ಸಿಗದಿದ್ದರೆ ಒಯ್ಯಿ ಎಂದು ಮಹಾನಂದಾ ಅವನಿಗೆ ಹೇಳಿದರು.

ಆದರೆ ಅವರು ಕೈಕಟ್ಟಿ ಕೂರಲಿಲ್ಲ. ವಡಗಾವಿಯ ಮಗ್ಗದ ಓಣಿಗಳನ್ನು ಸುತ್ತಿ, ಅಂಬಣ್ಣ ಎಂಬ ನೇಕಾರನಿಂದ ಒಂದು ಕೆಲಸ ಹಿಡಿದು ತಂದರು. ನೇಯ್ದ ಸೀರೆಯನ್ನು ಹಿಡಿದು ಮುಂದಕ್ಕೆಳೆಯುವ ಉರುಳೆ ಮಾಡಬೇಕಿತ್ತು. ಯಲ್ಲಪ್ಪ ಜೀವ ತೇದು ಮಾಡಿದ. ಮರುದಿನವೇ ಅಂಬಣ್ಣ ಅದನ್ನು ಹೆಗಲ ಮೇಲಿಟ್ಟುಕೊಂಡು ವಾಪಸು ಬಂದ.

"ಕನ್ನಡಿ ಆಗೇತ್ರಿ ಅಕ್ಕಾರ. ಮಾರಿ ನೋಡ್ಕೊಳ್ಳಾಕ ಛಲೋ ಐತಿ. ಸೀರಿ ಜಾರಾಕತ್ತೇತಿ."

ಯಲ್ಲಪ್ಪನ ಮುಖ ಸಪ್ಪಗಾಯಿತು. ಬಟ್ಟೆ ಹಿಡಿಯುವ ಉರುಳೆ ಒರಟಾಗಿರಬೇಕೆಂದು ಕಾರಿನವರಾದ ನಮಗೆ ಹೊಳೆದೇ ಇರಲಿಲ್ಲ. ಮಹಾನಂದಾ ಮಾತ್ರ ನಕ್ಕುಬಿಟ್ಟರು. ಗಂಡ ಹೋದಮೇಲೆ ಅವರು ನಕ್ಕಿದ್ದು ಅದೇ ಮೊದಲು. ಉರುಳೆಯ ಮೈತುಂಬ ಅಡ್ಡಡ್ಡ ಗೀರು ಹಾಕಲು ಹೇಳಿದರು. ಯಲ್ಲಪ್ಪ ಹಲ್ಲುಕಚ್ಚಿ ತನ್ನ ಹೊಳಪನ್ನು ತಾನೇ ಕೆಡಿಸಿದ. ಸೀರೆ ಜಾರದೆ ನಿಂತಿತು.

ಓಣಿಗೆ ಓಣಿಯೇ ನಮ್ಮ ಶೆಡ್ಡಿಗೆ ಬಂತು. ಗುಜರಿಯವನು ಬರಿಗೈಯಲ್ಲಿ ಹೋದ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಸರಪಳಿಗೆ ಪಿನ್ನು ಮಾಡಿದೆ. ಬಿತ್ತನೆಗೆ ಮುಂಚೆ ಕೂರಿಗೆಗಳ ಕೆಲಸ, ಮದುವೆಯ ಕಾಲಕ್ಕೆ ಮತ್ತೆ ಮಗ್ಗ. ಎತ್ತಿನ ಗಾಡಿಯ ಅಚ್ಚನ್ನೂ ತಿರುಗಿಸಿದೆ, ಖುಷಿಯಿಂದಲೇ.

ಒಂದು ದಿನ ಸಕ್ಕರೆ ಕಾರ್ಖಾನೆಯ ಇಂಜಿನಿಯರು ಬಂದರು. ವರ್ಷವಿಡೀ ಕೆಲಸ ಕೊಡುತ್ತೇವೆ, ಬೇರೆಯವರದು ಮುಟ್ಟಬಾರದು ಅಂದರು. ಯಲ್ಲಪ್ಪನ ಕಣ್ಣರಳಿತು. ಮಹಾನಂದಾ ಚಹಾ ಕೊಟ್ಟು ಮೆಲ್ಲಗೆ ಹೇಳಿದರು:

"ನಿಮ್ಮ ಕೆಲಸಾ ಮಾಡ್ತೀವ್ರಿ ಸಾಹೇಬ್ರ, ಸರದಿ ಮ್ಯಾಲ. ಒಬ್ಬರನ್ನ ನಂಬಿ ಕುಂತು ಒಮ್ಮೆ ಗುಜರಿ ಬಾಗಿಲಾ ನೋಡೇವಿ."

ಇಂಜಿನಿಯರು ಮುಖ ಗಂಟಿಕ್ಕಿ ಹೋದರು. ವಾರ ಕಳೆದು ಪಿನ್ನಿನ ಕೆಲಸ ಕಳಿಸಿದರು, ಸರದಿಯ ಮೇಲೆಯೇ.

ಈಗ ನಮ್ಮ ಶೆಡ್ಡಿನ ಮುಂದಿನ ಸಾಲಿನಲ್ಲಿ ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರಗಳಿವೆ. ನಾನು ಮೂಲೆಯವನು. ಕಳೆದ ವರ್ಷ ಕಬ್ಬು ಸಾಲದೆ ಕಾರ್ಖಾನೆ ಬೇಗ ಬಾಗಿಲು ಹಾಕಿತು. ಅದನ್ನೇ ನಂಬಿದ್ದ ಶೆಡ್ಡುಗಳು ಸಾಲಾಗಿ ಸದ್ದು ನಿಲ್ಲಿಸಿದವು. ನಮ್ಮಲ್ಲಿ ಮರುದಿನ ಬೆಳಿಗ್ಗೆಯೂ ಮಹಾನಂದಾ ಸ್ವಿಚ್ಚು ಒತ್ತಿದರು, ನಾನು ತಿರುಗಿದೆ. ಗೆದ್ದೆವು ಅನ್ನಿಸಿತು. ಆಮೇಲೆ ಮಹಾನಂದಾ ಸದ್ದು ನಿಂತ ಆ ಶೆಡ್ಡುಗಳವರನ್ನೆಲ್ಲ ಕರೆಸಿ ನನ್ನ ಸುತ್ತ ನಿಲ್ಲಿಸಿದರು. ಮಗ್ಗದ ಉರುಳೆಗೆ ಗೀರು ಹಾಕುವುದು ಹೇಗೆಂದು ಯಲ್ಲಪ್ಪ ಅವರಿಗೆ ತೋರಿಸತೊಡಗಿದ.